ಹದಿನಾಲ್ಕು ಹಾಸಿಗೆ, ಹದಿನೈದು ದುಪ್ಪಟಿ

ಬೆಳಗಿನ ಐದೂವರೆ. ಕಿಟಕಿಯಾಚೆ ಇನ್ನೂ ಮಬ್ಬು. ಉದ್ದನೆಯ ಮಲಗುವ ಕೋಣೆಯ ಬಾಗಿಲಲ್ಲಿ ಚಕ್ರದ ಗಾಡಿಯೊಂದನ್ನು ನಿಲ್ಲಿಸಿಕೊಂಡು, ಕೋಣೆಗೆ ಬೆನ್ನು ಹಾಕಿ, ಎದುರಿನ ಗೋಡೆಯನ್ನೇ ನೋಡುತ್ತ ಒಬ್ಬ ಹೆಂಗಸು ನಿಂತಿದ್ದಾರೆ. ಗೋಡೆಯಲ್ಲಿ ನೋಡುವಂಥದ್ದೇನೂ ಇಲ್ಲ. ಬಣ್ಣ ಎದ್ದುಹೋದ ಒಂದು ಜಾಗ, ಒಂದು ಮೊಳೆ, ಮೊಳೆಗೆ ತಗುಲಿಹಾಕಿದ ಹೋದ ವರ್ಷದ ಕ್ಯಾಲೆಂಡರು. ಹತ್ತೊಂಬತ್ತು ವರ್ಷಗಳಿಂದ ದಿನಕ್ಕೆ ಹತ್ತು ನಿಮಿಷ ಅವರು ಈ ಗೋಡೆಯನ್ನು ನೋಡಿದ್ದಾರೆ. "ನಮ್ಮನೆಯವರ ಮುಖಾನೂ ಇಷ್ಟು ನೋಡಿಲ್ಲ ನಾನು" ಎಂದು ನಗುತ್ತಾರೆ.

ಬೆನ್ನ ಹಿಂದೆ ಬಟ್ಟೆಯ ಸರಭರ, ಮಂಚದ ಕಿರುಗುಟ್ಟು, ಯಾರದೋ ಆಕಳಿಕೆ. ಹದಿಮೂರರಿಂದ ಹದಿನೇಳು ವಯಸ್ಸಿನ ಹದಿನಾಲ್ಕು ಹುಡುಗಿಯರು ಆ ಮಬ್ಬಿನಲ್ಲೇ ಎದ್ದು, ತಂತಮ್ಮ ಹಾಸಿಗೆಯ ದುಪ್ಪಟಿ ಎಳೆದು, ರಾತ್ರಿ ತೊಟ್ಟ ಬಟ್ಟೆಯನ್ನೂ ಅದರೊಳಗೆ ಸುತ್ತಿ, ಉಂಡೆ ಕಟ್ಟಿ ತಂದು ಗಾಡಿಗೆ ಹಾಕುತ್ತಾರೆ. ಬಾಗಿಲ ಪಕ್ಕದ ಸ್ಟೂಲಿನಿಂದ ಒಗೆದ ದುಪ್ಪಟಿ ಒಂದನ್ನು ಎತ್ತಿಕೊಂಡು ಹೋಗುತ್ತಾರೆ. ಹದಿನಾಲ್ಕನೆಯ ಉಂಡೆ ಬಿದ್ದ ಸದ್ದಾದ ಮೇಲೆ ಈ ಹೆಂಗಸು ಕೇಳುತ್ತಾರೆ, "ಆಯ್ತೇನ್ರೇ?" ಒಳಗಿನಿಂದ ರಾಗವಾಗಿ ಉತ್ತರ ಬರುತ್ತದೆ, "ಆಯ್ತು ದೊಡ್ಡಮ್ಮಾ." ಆಗಷ್ಟೇ ಅವರ ಕೈ ದೀಪದ ಸ್ವಿಚ್ಚಿಗೆ ಹೋಗುತ್ತದೆ.

ಇದು ಮನೆಯಲ್ಲಿ ಇರಲಾಗದೆ ಹೊರಬಿದ್ದ ಹುಡುಗಿಯರು ತಂಗುವ ಮನೆ. ಒಬ್ಬಳು ಮಲತಂದೆಯ ಬೆಲ್ಟಿಗೆ ಹೆದರಿ ಬಂದವಳು. ಒಬ್ಬಳನ್ನು ತಾಯಿಯೇ ಕರೆತಂದು, "ನಾನು ಕುಡಿತ ಬಿಡೋವರೆಗೂ ಇಲ್ಲಿರಲಿ" ಎಂದು ಬಿಟ್ಟುಹೋಗಿದ್ದಾಳೆ. ಮತ್ತೊಬ್ಬಳು ಒಂದು ಕಾಲಿಗೆ ಚಪ್ಪಲಿ, ಇನ್ನೊಂದಕ್ಕೆ ಏನೂ ಇಲ್ಲದೆ ಮೂರು ತಾಸು ನಡೆದು ಬಂದಿದ್ದಳು. ಇವರಿಗೆ ಪಾಠ ಹೇಳಲು ಮೇಷ್ಟರಿದ್ದಾರೆ, ವಾರಕ್ಕೆರಡು ದಿನ ಮನಸ್ಸಿನ ಡಾಕ್ಟರು ಬರುತ್ತಾರೆ, ವಾರ್ಷಿಕ ವರದಿಯಲ್ಲಿ ಎಲ್ಲರ ಫೋಟೊ ಇರುತ್ತದೆ. ಬಟ್ಟೆ ಒಗೆಯುವ ದೊಡ್ಡಮ್ಮನ ಫೋಟೊ ಮಾತ್ರ ಯಾವ ವರ್ಷದ ವರದಿಯಲ್ಲೂ ಇಲ್ಲ. ಒಂದು ವರ್ಷ ಅವರು ಒಣಹಾಕಿದ ದುಪ್ಪಟಿಗಳ ಫೋಟೊ ಬಂದಿತ್ತು, ಚೆನ್ನಾಗಿಯೇ ಬಂದಿತ್ತು.

ಹೆದರಿಕೆ ಹಗಲಲ್ಲಿ ಹೇಗೋ ಅಡಗಿಕೊಂಡಿರುತ್ತದೆ, ನಿದ್ದೆಯಲ್ಲಿ ಹೊರಗೆ ಬರುತ್ತದೆ. ಹದಿನೈದು ತುಂಬಿದ ಹುಡುಗಿ, ಎದುರು ನಿಂತರೆ ನಮಗೇ ಬುದ್ಧಿ ಹೇಳುವಷ್ಟು ಜೋರಿನವಳು, ಬೆಳಗಾಗುವಷ್ಟರಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡಿರುತ್ತಾಳೆ. ಈ ಮನೆಯಲ್ಲಿ ಇದು ದಿನವೂ ಯಾರಿಗಾದರೂ ಆಗುತ್ತದೆ. ಯಾರಿಗೆ ಎಂಬುದು ಮಾತ್ರ ಯಾರಿಗೂ ತಿಳಿಯುವುದಿಲ್ಲ, ದೊಡ್ಡಮ್ಮನಿಗೂ ತಿಳಿಯುವುದಿಲ್ಲ. ಅದಕ್ಕೇ ಆ ಗೋಡೆ, ಆ ಮಬ್ಬು, ಉಂಡೆ ಕಟ್ಟುವ ಆ ಪದ್ಧತಿ. ಎರಡು ಒದ್ದೆಯಾಗಿದ್ದರೂ ಹದಿನಾಲ್ಕನ್ನೂ ಒಗೆಯುವುದು. ಎಲ್ಲ ಹಾಸಿಗೆಗೂ ಅಡಿಯಲ್ಲಿ ರಬ್ಬರ್ ಶೀಟು ಹಾಸಿದೆ, ಒಂದಕ್ಕೆ ಇದ್ದು ಇನ್ನೊಂದಕ್ಕೆ ಇಲ್ಲ ಎಂಬಂತಿಲ್ಲ.

"ನೀವೂ ಸಣ್ಣವರಿದ್ದಾಗ ಹೀಗೇ ಕಷ್ಟಪಟ್ಟಿದ್ರಾ?" ಎಂದು ಬಂದವರೆಲ್ಲ ಕೇಳುತ್ತಾರಂತೆ, ಕಣ್ಣಲ್ಲಿ ಆಗಲೇ ಅರ್ಧ ನೀರು ತುಂಬಿಕೊಂಡು. ದೊಡ್ಡಮ್ಮ ಕೈ ಆಡಿಸಿಬಿಡುತ್ತಾರೆ. "ಅಯ್ಯೋ ಇಲ್ಲಪ್ಪ, ನಾನು ಕುಂಭಕರ್ಣನ ತಂಗಿ. ಮಲಗಿದ್ರೆ ಮುಗೀತು, ಬೆಳಗ್ಗೆ ನೀರು ಎರಚಿ ಎಬ್ಬಿಸ್ಬೇಕಿತ್ತು. ನಮ್ಮಪ್ಪ ಅಮ್ಮ ದೇವರಂಥವರು. ಕಥೆ ಏನಿಲ್ಲ ನನ್ನ ಹತ್ರ."

ಮೊದಲು ಅವರು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಹದಿನಾರು ವರ್ಷ ದುಡಿದವರು. ಯಜಮಾನರು ಬಸ್ಸಿನ ಡ್ರೈವರ್ ಆಗಿದ್ದು ಈಗ ನಿವೃತ್ತರು. ನಸುಕಿನ ನಾಲ್ಕೂವರೆಗೆ ಚಹಾ ಮಾಡಿ ಹೆಂಡತಿಯನ್ನು ಎಬ್ಬಿಸುವುದು ಅವರ ಕೆಲಸ. ಸಂಜೆ ಸೋಪಿನ ಪುಡಿಗೆ ಬಿರಿದ ಆ ಬೆರಳುಗಳಿಗೆ ಮುಲಾಮು ಹಚ್ಚುವುದೂ ಅವರದೇ. "ಊರ ಬಟ್ಟೆಯೆಲ್ಲ ಇವಳು ಒಗೀತಾಳೆ, ನಮ್ಮನೆ ಬಟ್ಟೆ ನಾನು ಒಗೀತೀನಿ. ದೀಪದ ಬುಡ ಕತ್ತಲೆ ಅಂತಾರಲ್ಲ, ಆ ಕತ್ತಲೇಲಿ ಕೂತಿರೋನು ನಾನೇ" ಎಂದು ಅವರು ಹೇಳುವಾಗ ದೊಡ್ಡಮ್ಮ ಬೇರೆ ಕಡೆ ತಿರುಗಿ ನಗುತ್ತಾರೆ. ಐವತ್ತೆಂಟರ ಮಂಡಿಗಳು ತಾರಸಿಯ ಇಪ್ಪತ್ತಾರು ಮೆಟ್ಟಿಲಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಳ್ಳುತ್ತವೆ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯಬೇಕು.

ಹುಡುಗಿಯರ ಮನೆಯಲ್ಲಿ ಒಗೆಯುವ ಯಂತ್ರ ಇದೆ. ನಾಲ್ಕು ವರ್ಷದಿಂದ ಅದು ಒಗೆಯುತ್ತದೆ, ಹಿಂಡುವುದಿಲ್ಲ. ರಿಪೇರಿಯವನು ಬಂದು ನೋಡಿ, ಬೆಲ್ಟು ಸವೆದಿದೆ, ಅರ್ಧ ಗಂಟೆಯ ಕೆಲಸ ಎಂದಿದ್ದಾನೆ. ದೊಡ್ಡಮ್ಮ ಅವನಿಗೆ ಚಹಾ ಕುಡಿಸಿ, "ಇನ್ನೊಂದ್ಸಲ ನೋಡೋಣಪ್ಪ" ಎಂದು ಸಾಗಹಾಕಿದ್ದಾರೆ. ಯಂತ್ರ ಹಿಂಡಿದರೆ ದುಪ್ಪಟಿಯ ಆ ತುದಿ ಹಿಡಿಯಲು ಇನ್ನೊಬ್ಬರು ಬೇಕಾಗುವುದಿಲ್ಲವಲ್ಲ! ದಿನವೂ ಒಬ್ಬ ಹುಡುಗಿ ಸರದಿಯಲ್ಲಿ ಬಂದು ಎದುರು ನಿಲ್ಲುತ್ತಾಳೆ. ಇಬ್ಬರೂ ಎರಡು ತುದಿ ಹಿಡಿದು ತಿರುಚುತ್ತಾರೆ. ಕೈಗೆ ಕೆಲಸ, ಕಣ್ಣು ಬಟ್ಟೆಯ ಮೇಲೆ. ಅಂಥ ಹೊತ್ತಲ್ಲಿ ಬಾಯಿ ತಾನಾಗಿ ಬಿಚ್ಚಿಕೊಳ್ಳುತ್ತದೆ. "ಡಾಕ್ಟ್ರ ಎದುರು ಕುರ್ಚಿ ಮೇಲೆ ಕೂತ್ರೆ ಇವಕ್ಕೆ ನಾಲಿಗೆ ಒಣಗುತ್ತೆ. ನಾನು ಏನೂ ಕೇಳಲ್ಲ. ಕೇಳೋಕೆ ನಂಗೇನು ಗೊತ್ತಿದೆ? ಹಿಂಡ್ತೀನಿ ಅಷ್ಟೇ."

ಚಳಿಗಾಲದಲ್ಲಿ ಒಬ್ಬಳು ಬಂದಳು. ಗೋಡೆ ಬದಿಯ ಮಂಚ ಆರಿಸಿಕೊಂಡು, ಮುಖವನ್ನೂ ಗೋಡೆಗೇ ಮಾಡಿ ಮಲಗುತ್ತಿದ್ದಳು. ಹದಿಮೂರು ದಿನ ಒಂದು ಮಾತಿಲ್ಲ. ಹದಿನಾಲ್ಕನೆಯ ದಿನ ಅವಳ ಸರದಿ ಬಂತು. ದೊಡ್ಡಮ್ಮ ತುದಿ ಕೈಗೆ ಕೊಟ್ಟು ತಿರುಚತೊಡಗಿದರು. ಎಷ್ಟು ತಿರುಚಿದರೂ ದುಪ್ಪಟಿ ಹಗ್ಗದ ಹಾಗೆ ಉರುಳುತ್ತಿದೆಯೇ ಹೊರತು ಒಂದು ಹನಿ ನೀರು ಇಳಿಯುತ್ತಿಲ್ಲ. ಐದು ನಿಮಿಷ ನೋಡಿದ ಹುಡುಗಿಗೆ ತಡೆಯಲಾಗಲಿಲ್ಲ. "ದೊಡ್ಡಮ್ಮ, ನೀವು ಉಲ್ಟಾ ತಿರುಗಿಸ್ತಿದೀರ! ನಾನು ತಿರುಗಿಸೋ ಕಡೆಗೇ ತಿರುಗಿಸಿದ್ರೆ ಹೇಗೆ?" ಮೊದಲ ಮಾತೇ ತಪ್ಪು ಹಿಡಿಯುವ ಮಾತು. ಅಲ್ಲಿಂದ ಇಲ್ಲಿಯವರೆಗೆ ಆ ಹುಡುಗಿಯ ಬಾಯಿ ಮುಚ್ಚಿಸುವುದೇ ಮೇಷ್ಟರಿಗೆ ದೊಡ್ಡ ಕೆಲಸವಾಗಿದೆ. ಮೂವತ್ತೈದು ವರ್ಷ ಬಟ್ಟೆ ಹಿಂಡಿದವರಿಗೆ ಯಾವ ಕಡೆ ತಿರುಗಿಸಬೇಕೆಂದು ಗೊತ್ತಿರಲಿಲ್ಲವೇ ಎಂದರೆ ದೊಡ್ಡಮ್ಮ, "ವಯಸ್ಸಾಯ್ತಲ್ಲ, ಮರೆವು" ಎನ್ನುತ್ತಾರೆ. ಹೊಸದಾಗಿ ಬಂದ ಹುಡುಗಿಯರ ಎದುರು ಮಾತ್ರ ಅವರಿಗೆ ಈ ಮರೆವು ಬರುತ್ತದೆ.

ಹೊಗಳಿದರೆ ಅವರು ಸಿಡುಕುತ್ತಾರೆ. ಯಾಕೆಂದರೆ ಈ ಪದ್ಧತಿ ಬುದ್ಧಿವಂತಿಕೆಯಿಂದ ಹುಟ್ಟಿದ್ದಲ್ಲ, ತಪ್ಪಿನಿಂದ ಹುಟ್ಟಿದ್ದು. ಅದನ್ನು ಹೇಳುವಾಗ ಅವರು ಕೆಲಸ ನಿಲ್ಲಿಸುತ್ತಾರೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಸ್ಪತ್ರೆಯ ಅಭ್ಯಾಸದಲ್ಲಿ ಕೊಳೆಯಾದದ್ದನ್ನಷ್ಟೇ ಆರಿಸಿ ಒಗೆಯುತ್ತಿದ್ದರು. ಒಂದು ದಿನ ಒಂದೇ ದುಪ್ಪಟಿ ಒದ್ದೆಯಾಗಿತ್ತು. ಒಗೆದು, ಸ್ವಚ್ಛವಾಗಿ ಜಾಲಾಡಿಸಿ, ತಾರಸಿಯ ನಟ್ಟನಡುವೆ ಒಳ್ಳೆಯ ಬಿಸಿಲು ನೋಡಿ ಹರವಿದರು. ಖಾಲಿ ಹಗ್ಗದ ಮೇಲೆ ಒಂಟಿ ದುಪ್ಪಟಿ. ಕೆಳಗೆ ಅಂಗಳದಲ್ಲಿದ್ದ ಹುಡುಗಿಯರು ತಲೆ ಎತ್ತಿ, "ಯಾರದು, ಯಾರದು?" ಎಂದು ನಗತೊಡಗಿದರು. ಕೆಟ್ಟ ನಗೆಯೇನಲ್ಲ, ಆ ವಯಸ್ಸಿನ ನಗೆ. ದೊಡ್ಡಮ್ಮ ಮೇಲಿನಿಂದಲೇ, "ನಂಗೇನ್ರೇ ಗೊತ್ತು" ಎಂದರು. ಅಂಗಳದಲ್ಲಿ ಒಬ್ಬಳು ಮಾತ್ರ ನಗುತ್ತಿರಲಿಲ್ಲ. ಉಳಿದವರ ಕಣ್ಣುಗಳು ಸುತ್ತ ಹೊರಳುತ್ತ ಹೊರಳುತ್ತ ಅವಳ ಮುಖದ ಮೇಲೆ ಬಂದು ನಿಂತವು. ಮಧ್ಯಾಹ್ನ ಊಟದ ಹೊತ್ತಿಗೆ ಆ ಹುಡುಗಿ ಗೇಟು ದಾಟಿ ಹೋಗಿದ್ದಳು.

ಹನ್ನೊಂದು ದಿನ ಹುಡುಕಿದರು. ಹನ್ನೆರಡನೆಯ ದಿನ ಚಿಕ್ಕಮ್ಮನ ಮನೆಯಿಂದ ಫೋನು ಬಂತು, ಇಲ್ಲಿದ್ದಾಳೆ, ಚೆನ್ನಾಗಿದ್ದಾಳೆ, ಇನ್ನು ಅಲ್ಲಿಗೆ ಬರುವುದಿಲ್ಲವಂತೆ. ಅವಳ ಬಟ್ಟೆಗಂಟು ಕೊಡಲು ದೊಡ್ಡಮ್ಮನೇ ಎರಡು ಬಸ್ಸು ಬದಲಿಸಿ ಹೋದರು. ಹುಡುಗಿ ಬಾಗಿಲ ಹಿಂದೆ ನಿಂತಿದ್ದಳು, ಕಾಲ್ಬೆರಳು ಕಾಣುತ್ತಿತ್ತು, ಹೊರಗೆ ಬರಲಿಲ್ಲ. "ಎಷ್ಟು ಕಷ್ಟಪಟ್ಟು ನಮ್ಮ ಹತ್ರ ಬಂದಿದ್ಲು ಆ ಮಗು. ನಾನು ಬಿಸಿಲು ನೋಡ್ದೆ, ಅವಳನ್ನ ನೋಡ್ಲಿಲ್ಲ" ಎನ್ನುತ್ತಾರೆ ದೊಡ್ಡಮ್ಮ. ಮರುದಿನದಿಂದ ಅವರು ಎಲ್ಲ ದುಪ್ಪಟಿಗಳನ್ನೂ ಒಗೆಯತೊಡಗಿದರು.

ಈ ಬೇಸಿಗೆಯಲ್ಲಿ ಆ ಪದ್ಧತಿಗೇ ಕುತ್ತು ಬಂತು. ಹೊಸ ಮೇಲ್ವಿಚಾರಕರು ಬಂದಿದ್ದರು. ಕೆಟ್ಟವರಲ್ಲ, ಒಳ್ಳೆಯದನ್ನೇ ಅಚ್ಚುಕಟ್ಟಾಗಿ ಮಾಡಲು ಹೋಗಿ ಎಡವುವ ಜಾತಿ. ತೊಟ್ಟಿಯ ನೀರು ಮಧ್ಯಾಹ್ನಕ್ಕೇ ತಳ ಕಾಣುತ್ತಿತ್ತು. "ಇನ್ಮೇಲೆ ಒದ್ದೆ ಆದದ್ದು ಮಾತ್ರ ಒಗೀರಿ ಅಮ್ಮ. ಸೋಮವಾರದಿಂದ ಬೆಳಗ್ಗೆ ದೀಪ ಹಾಕಿ ಒಂದೊಂದೇ ಹಾಸಿಗೆ ನೋಡೋಣ, ಮಂಚದ ನಂಬರ್ ಬರ್ಕೊಳ್ಳೋಣ. ಯಾರಿಗೆ ತೊಂದರೆ ಇದೆ ಅಂತ ಗೊತ್ತಾದ್ರೆ ಡಾಕ್ಟ್ರಿಗೂ ಅನುಕೂಲ" ಎಂದರು. ದೊಡ್ಡಮ್ಮ, ಜಾಲಾಡಿಸಿದ ನೀರಲ್ಲೇ ನೆಲ ಒರೆಸುತ್ತೇವೆ, ಬಚ್ಚಲು ತೊಳೆಯುತ್ತೇವೆ ಎಂದೆಲ್ಲ ಹೇಳಿ ನೋಡಿದರು. ಡಾಕ್ಟರ ಹತ್ತಿರ ಅವರವರೇ ಹೇಳಿಕೊಳ್ಳುತ್ತಾರೆ, ಹೇಳಿಕೊಂಡಿದ್ದಾರೆ ಎಂದರು. ಆ ಒಂಟಿ ದುಪ್ಪಟಿಯ ಕಥೆಯನ್ನೂ ಹೇಳಿದರು. ಮೇಲ್ವಿಚಾರಕರು ತಾಳ್ಮೆಯಿಂದ ಕೇಳಿ, ಅದು ಹಳೇ ಕಾಲ ಅಮ್ಮ, ಎಂದರು. ಬಾಗಿಲಾಚೆ ಇದ್ದ ಹುಡುಗಿಯರಿಗೂ ಇದೆಲ್ಲ ಕೇಳಿಸಿತ್ತು.

ಆ ಭಾನುವಾರ ಮನೆಯಲ್ಲಿ ದೊಡ್ಡಮ್ಮ ಸರಿಯಾಗಿ ಊಟ ಮಾಡಲಿಲ್ಲ ಎಂದು ಯಜಮಾನರು ನೆನೆಯುತ್ತಾರೆ. "ನಾಳೆ ಆ ಗೇಟಿಂದ ಒಬ್ಬಳು ಹೊರಗೆ ಹೋದ್ರೂ ನಾನು ಮತ್ತೆ ಒಳಗೆ ಕಾಲಿಡಲ್ಲ, ಅಂದ್ಲು. ನಾನು ಚಹಾ ಮಾಡೋಕೆ ಎದ್ದೆ. ಇವಳು ಸಿಟ್ಟಲ್ಲಿದ್ರೆ ಮಾತಾಡ್ಬಹುದು. ತಣ್ಣಗೆ ಹೇಳಿದ್ರೆ ಎದುರು ಮಾತಾಡೋ ಹಾಗಿಲ್ಲ."

ಸೋಮವಾರ ಐದೂವರೆ. ಗೋಡೆಗೆ ಮುಖ ಮಾಡಿ ನಿಲ್ಲಲು ದೊಡ್ಡಮ್ಮನಿಗೆ ಅಂದು ಅವಕಾಶವಿರಲಿಲ್ಲ. ಮೇಲ್ವಿಚಾರಕರು ಪುಸ್ತಕ, ಪೆನ್ನು ಹಿಡಿದು ದೀಪ ಹಾಕಿದರು. ಹುಡುಗಿಯರು ತಂತಮ್ಮ ಮಂಚದ ಪಕ್ಕ ಸಾಲಾಗಿ ನಿಂತಿದ್ದರು. ಒಂದನೇ ಮಂಚ, ಒದ್ದೆ. ಎರಡನೆಯದು, ಒದ್ದೆ. ಮೂರು, ನಾಲ್ಕು, ಐದು, ಒದ್ದೆ. ಏಳನೆಯದರಿಂದ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹದಿನಾಲ್ಕಕ್ಕೆ ಹದಿನಾಲ್ಕೂ ಒದ್ದೆ.

"ಏನಿದು?" ಎಂದರು ಮೇಲ್ವಿಚಾರಕರು.

ಗೋಡೆ ಬದಿಯ ಮಂಚದ ಹುಡುಗಿಯೇ ಬಾಯಿ ಬಿಟ್ಟಳು. "ಕನಸು ಬಿತ್ತು ಸರ್."

"ಹದಿನಾಲ್ಕೂ ಜನಕ್ಕಾ?"

"ಒಂದೇ ಕನಸು ಸರ್. ಮಳೆ ಬಂದ ಹಾಗೆ."

ಯಾರೋ ಒಬ್ಬಳು ನಗು ತಡೆಯಲಾರದೆ ಕೆಮ್ಮಿದಳು. ಏಳನೇ ಮಂಚದ ಕೆಳಗೆ ಬಚ್ಚಲಿನ ನೀಲಿ ಮಗ್ಗು ಅಡ್ಡ ಬಿದ್ದಿತ್ತು. ಮೇಲ್ವಿಚಾರಕರು ಮಗ್ಗನ್ನು ನೋಡಿದರು, ಹುಡುಗಿಯರನ್ನು ನೋಡಿದರು, ಏನೂ ಬರೆಯದ ಪುಟವನ್ನು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, ದೀಪ ಆರಿಸಿ, "ನಿಮ್ಮ ಕೆಲಸ ನೋಡ್ಕೊಳ್ಳಿ ಅಮ್ಮ. ನೀರಿನ ವಿಚಾರ ನಾನು ನೋಡ್ಕೋತೀನಿ" ಎಂದು ಹೊರಗೆ ಹೋದರು. ಆ ವಾರದೊಳಗೆ ಹಿತ್ತಲಿಗೆ ಇನ್ನೊಂದು ತೊಟ್ಟಿ ಬಂತು. ಅವರ ಮೇಲೆ ದೊಡ್ಡಮ್ಮನಿಗೆ ಈಗ ಭಾರೀ ಗೌರವ. "ತಪ್ಪು ತಿಳಿದ ತಕ್ಷಣ ದೀಪ ಆರಿಸಿದ್ರಲ್ಲ, ಆ ಬುದ್ಧಿ ಎಲ್ರಿಗೂ ಬರಲ್ಲ" ಎನ್ನುತ್ತಾರೆ.

ಅಂದು ಹದಿನಾಲ್ಕು ಉಂಡೆಗಳನ್ನು ನೆನೆಹಾಕುವಾಗ ಅವರ ಮೂಗು ಒಂದು ವಿಷಯ ಹೇಳಿತು. ಹನ್ನೆರಡರಲ್ಲಿ ಬರೀ ನಲ್ಲಿ ನೀರು. ಎರಡರಲ್ಲಿ ಅಲ್ಲ. ಆ ಎರಡು ಯಾರವು ಎಂದು ಅವರು ನೋಡಲಿಲ್ಲ. ಒಗೆಯುತ್ತ ಒಗೆಯುತ್ತ ಅತ್ತರು, ಅದನ್ನು ಮುಚ್ಚಿಡುವುದಿಲ್ಲ. "ಹತ್ತೊಂಬತ್ತು ವರ್ಷ ನಾನೊಬ್ಬಳೇ ಇದನ್ನ ಕಾಯ್ತಿದೀನಿ ಅಂದ್ಕೊಂಡಿದ್ದೆ. ಇವು ನನಗಿಂತ ಚೆನ್ನಾಗಿ ಕಾಯ್ತವೆ."

ಈಗ ಏಳೂವರೆ. ಬಿಸಿಲು ತಾರಸಿಗೆ ಬಂದಿದೆ. ಮೂರು ಹಗ್ಗ, ಹಗ್ಗಕ್ಕೆ ಐದರಂತೆ ದುಪ್ಪಟಿಗಳು. ಎಣಿಸಿದರೆ ಹದಿನೈದು. ಹದಿನಾಲ್ಕು ಬಿಳಿಯವು, ರಸ್ತೆಯ ಕಡೆಯ ಹಗ್ಗದ ನಡುವೆ ಒಂದು ಮಾತ್ರ ಹಳದಿ ಹೂವಿನದು. ಮೊನ್ನೆಯಷ್ಟೇ ಬಂದ ಹುಡುಗಿಯೊಬ್ಬಳು ಕ್ಲಿಪ್ಪಿನ ಬುಟ್ಟಿ ಹಿಡಿದು ನಿಂತಿದ್ದಾಳೆ. ಅವಳು ಆ ಹೂವಿನ ದುಪ್ಪಟಿಯತ್ತ ಗದ್ದ ಎತ್ತಿ ತೋರಿಸುತ್ತಾಳೆ. "ಅದು ಯಾರದು?"

"ಅದಾ? ಅದು ನಂದು."

ಮನೆಯಿಂದ ದಿನವೂ ಚೀಲದಲ್ಲಿ ತಂದು, ನೀರಲ್ಲಿ ಅದ್ದಿ, ಎಲ್ಲವುಗಳ ಜೊತೆ ಹರವುತ್ತಾರೆ. ಹತ್ತೊಂಬತ್ತು ವರ್ಷದಲ್ಲಿ ಇದು ಆರನೆಯ ದುಪ್ಪಟಿ, ಎಲ್ಲವೂ ಹಳದಿ ಹೂವಿನವೇ. ಹುಡುಗಿ ಅವರ ಮುಖವನ್ನೇ ನೋಡುತ್ತಾಳೆ. ಅಲ್ಲಿ ನಗು ಇಲ್ಲ, ನಾಚಿಕೆಯೂ ಇಲ್ಲ. ಅವಳು ಬುಟ್ಟಿಯಿಂದ ಎರಡು ಕ್ಲಿಪ್ಪು ತೆಗೆದು, ಗಾಳಿಗೆ ಜಾರುತ್ತಿದ್ದ ಆ ದುಪ್ಪಟಿಯ ತುದಿಗೆ ತಾನೇ ಹಾಕುತ್ತಾಳೆ.

ಹುಡುಗಿ ಕೆಳಗಿಳಿದ ಮೇಲೆ ದೊಡ್ಡಮ್ಮ ರಸ್ತೆಯ ಕಡೆ ನೋಡುತ್ತಾರೆ. ಕೆಳಗೆ ಬಸ್ಸುಗಳು ಹೋಗುತ್ತಿವೆ. "ಆ ಗೇಟು ದಾಟಿ ಹೋದವಳಿಗೆ ಈಗ ಮೂವತ್ತು ದಾಟಿರುತ್ತೆ. ಯಾವತ್ತಾದ್ರೂ ಈ ದಾರೀಲಿ ಹೋಗ್ತಾ ತಲೆ ಎತ್ತಿ ನೋಡ್ಲಿ ಅಂತ ಆಸೆ. ಅವತ್ತು ಕೆಳಗಿಂದ ಯಾರದು ಅಂತ ಕೇಳ್ದಾಗ, ನಂದು ಅಂದಿದ್ರೆ ಮುಗೀತಿತ್ತು. ಒಂದೇ ಮಾತು. ಅವತ್ತು ಹೇಳ್ಲಿಲ್ಲ, ಅದಕ್ಕೇ ದಿನಾ ಹೇಳ್ತಿದೀನಿ."