ಸಾವಕಾರನ ಕುಣ್ಯಾಗ ನಾ ಕುಂತದ್ದು

ಆಗ ನನಗ ಅರವತ್ತೆರಡು. ಅದಾಗಿ ಈಗ ಹತ್ತು ವರ್ಷ ಆತು. ಜೀವ ಇದ್ದಾಗನೇ ಹೆಣದ ಕುಣ್ಯಾಗ ಇಳಿದು ಕುಂತು, ಉಂಡು, ಮ್ಯಾಲ ಎದ್ದು ಬಂದಾಕಿ ನಮ್ಮ ಕಡೆ ನಾ ಒಬ್ಬಾಕಿನೇ ಇರಬೇಕು. ಮಂದಿ ಅದನ್ನ ತಮಗ ಬೇಕಾದಂಗ ಹೇಳ್ತಾರ. ಮೈಯಾಗ ದೇವರು ಬಂದಿತ್ತು ಅಂತಾರ ಕೆಲವರು, ತಲಿ ಕೆಟ್ಟಿತ್ತು ಅಂತಾರ ಕೆಲವರು. ಎರಡೂ ಸುಳ್ಳು. ಅದಕ್ಕ ನಾನೇ ಬರಿಯಾಕತ್ತೇನಿ.

ನಾವು ಲಿಂಗಾಯತರು. ಸತ್ತರ ನಮ್ಮನ್ನ ಸುಡಂಗಿಲ್ಲ, ಮಲಗಿಸಿ ಹೂಳಂಗೂ ಇಲ್ಲ, ಕೂಡಿಸ್ತಾರ. ಕುಣಿ ತೋಡಿ, ಅದರ ಒಂದು ಗ್ವಾಡಿಗೆ ಗೂಡು ಕೊರದು, ಹೆಣಕ್ಕ ಚಕ್ಕಳಮಕ್ಕಳ ಹಾಕಿಸಿ ಆ ಗೂಡಿನ್ಯಾಗ ಕುಂಡ್ರಿಸಿ, ಪತ್ರಿ, ಈಬತ್ತಿ, ಉಪ್ಪು ಹಾಕಿ ಮುಚ್ಚತಾರ. ಹೊಲ ಇಲ್ಲದವರದು ಊರ ರುದ್ರಭೂಮ್ಯಾಗ, ಹೊಲ ಇದ್ದವರದು ಹೊಲದಾಗ. ನನ್ನ ಗಂಡನೂ ನಮ್ಮ ಹೊಲದ ಹಿಂದಿನ ಮೂಲ್ಯಾಗ ಕುಂತಾನ. ಮ್ಯಾಲ ಒಂದು ಕಲ್ಲು ಅದ, ಅಷ್ಟೇ. ಬಿತ್ತಾಗ ಕೂರಿಗಿ ಅವನ ಸುತ್ತ ಹಾದು ಹೋಗ್ತದ. ಅಂವ ಏನೂ ಅಂದಿಲ್ಲ.

ರಾಜಕೀಯ ಮಂದಿ ಹಂಗಲ್ಲ. ಹುಮನಾಬಾದದಿಂದ ಬಸವಕಲ್ಯಾಣಕ್ಕ ಹೋಗುವಾಗ ಬಸ್ಸಿನ ಕಿಡಕ್ಯಾಗಿಂದ ನೋಡ್ರಿ. ಜೀವ ಇರೂತನ ಬೀದರ, ಬೆಂಗಳೂರು ಅಂತ ತಿರುಗಿದಂವ ಸತ್ತಮ್ಯಾಲ ರೋಡಿನ ಬಾಜೂಕನೇ ಬಂದು ಕುಂದರ್ತಾನ. ಒಬ್ಬ ಚೇರ್ಮನ್ನನ ಸಮಾಧಿ ಗದ್ದಿಗಿಗೆ ಕಾಜಿನ ಬಾಗಿಲಾ ಹಚ್ಚಿಸಿದ್ರು. ಕಾಜು ಒಡದದ, ಒಳಗ ಕೋಳಿ ಕಾವು ಕುಂದರ್ತದ. ಇನ್ನೊಬ್ಬನ ಮೂರ್ತಿ ಮಾಡಾಂವಗ ಹಳೇ ಇಲೆಕ್ಷನ್ ಪೋಸ್ಟರ್ ಕೊಟ್ಟಿದ್ರಂತ. ಅದರಾಗ ಇದ್ದಂಗೇ ಎರಡೂ ಕೈ ಜೋಡಿಸಿ ಕೆತ್ತಿಬಿಟ್ಟಾನ. ಮಣ್ಣಾಗಿ ಎಷ್ಟೋ ವರ್ಷ ಆತು, ಓಟು ಕೇಳೋದು ಇನ್ನೂ ಬಿಟ್ಟಿಲ್ಲ. ಮತ್ತೊಬ್ಬನ ಕಟ್ಟಿ ಮ್ಯಾಲ ಹೆಣ್ಣಮಕ್ಕಳು ತೊಗರಿಬ್ಯಾಳಿ ಒಣಗಸ್ತಾರ. ಒಳ್ಳೆ ನುಣ್ಣನ ಕಲ್ಲು. ಅವನಿಂದ ಊರಿಗೆ ಆದ ಉಪಕಾರ ಅದೊಂದೇ.

ಬಸವಕಲ್ಯಾಣದಾಗ ನನ್ನ ಸೊಸಿಗೆ ಕೈಗೆ ಬಳಿ ತೊಡಸೋ ಒಬ್ಬ ಬೀಬಿ ಇದ್ಲು. ಅವರ ಮಂದ್ಯಾಗ ಒಬ್ಬ ಮೆಂಬರ ಇದ್ನಂತ. ಕಬರಸ್ತಾನಕ್ಕ ಕಂಪೌಂಡ ಕಟ್ಟಸ್ತೇನಿ ಅಂತ ಪ್ರತಿ ಇಲೆಕ್ಷನ್ನಾಗ ಹೇಳಾಂವ. ಮೂರು ದಿಕ್ಕಿಗೆ ಕಟ್ಟಿಸಿ ತೀರಿಕೊಂಡ.

"ನಾಲ್ಕನೇ ದಿಕ್ಕಿನ ಅಂಚಿಗೇ ಅವರನ್ನ ಮಲಗಿಸ್ಯಾರ ಅಕ್ಕಾ," ಅಂದಿದ್ಲು ಬೀಬಿ. "ಆಡು ಒಳಗ ಬಂದ್ರ ಮೊದಲು ಅವರ ಮ್ಯಾಲಿನ ಹುಲ್ಲೇ ತಿಂತಾವ. ಹಿಸಾಬ್ ಬರಾಬರ್."

ನಾ ಒಮ್ಮೆ ನೋಡೀನಿ. ಮಣ್ಣಿನ ದಿಬ್ಬ, ತಲಿ ಕಡೆ ಒಂದು ಕಲ್ಲು. ಬಾಜೂಕ ಒಬ್ಬ ಹಮಾಲನ ದಿಬ್ಬನೂ ಅಷ್ಟೇ ಅಗಲ. ನನಗ ಅದು ಸರಿ ಅನಿಸ್ತು.

ಇನ್ನು ನಮ್ಮ ಸಾವಕಾರನ ಸುದ್ದಿ. ಅಂವ ತಾಲೂಕು ಪಂಚಾಯತಿ ಮಾಜಿ ಅಧ್ಯಕ್ಷ. ಮನಿ ಹುಮನಾಬಾದದಾಗ, ಹೊಲ ನಮ್ಮೂರಾಗ. ಅವನ ಹೊಲ ದೊಡ್ಡದು, ಆದ್ರ ರೋಡಿಗೆ ಹತ್ತಿಲ್ಲ. ರೋಡಿಗೂ ಅವನ ಹೊಲಕ್ಕೂ ನಡುವ ನನ್ನ ಹೊಲದ ಒಂದು ಸಣ್ಣ ಪಟ್ಟಿ. ಆ ಪಟ್ಟ್ಯಾಗ ನಾಲ್ಕು ಕಟಿಗಿ ನಿಲ್ಲಿಸಿ, ಮ್ಯಾಲ ಗೋಣಿ ತಟ್ಟು ಹೊಚ್ಚಿ, ಬದನಿಕಾಯಿ, ಮೆಣಸಿನಕಾಯಿ, ಪೇರಲಹಣ್ಣು ಇಟಗೊಂಡು ಕುಂದರ್ತಿದ್ದೆ. ಲಾರಿಯವರು, ಕಾರಿನವರು ನಿಂದರ್ತಿದ್ರು. ಗಂಡ ಹೋದಮ್ಯಾಲ ಒಂದು ಸೀರಿಗೆ, ಒಂದು ಗುಳಿಗಿಗೆ ನಾ ಮಗನ ಮುಂದ, ಸೊಸಿ ಮುಂದ ಕೈ ಒಡ್ಡಿಲ್ಲ ಅಂದ್ರ ಅದು ಆ ಪಟ್ಟಿಯಿಂದ.

ಸಾವಕಾರ ಒಮ್ಮೆ ಕಾರು ನಿಲ್ಲಿಸಿ ಕೇಳಿದ್ದ. "ಯವ್ವಾ, ಈ ಪಟ್ಟಿ ನನಗ ಬಿಟ್ಟುಕೊಡು. ಹಿಂದಿನ ಕಡೆ ಡಬಲ್ ಜಾಗಾ ತಗೋ."

"ಹಿಂದ ನನ್ನ ಬದನಿಕಾಯಿ ಯಾರು ತಗೋತಾರ್ರಿ, ನರಿ?" ಅಂದಿದ್ದೆ.

ನಕ್ಕಿದ್ದ. ಅಂವ ನಕ್ಕ ಅಂದ್ರ ಬಿಡಾಂವಲ್ಲ.

ಸಾವಕಾರ ಸತ್ತ ದಿನ ನಾ ಮುಂಜಾನಿನೇ ಹುಮನಾಬಾದ ಬಜಾರಕ್ಕ ಹೋಗಿದ್ದೆ. ಅಲ್ಲಿ ಆಗಲೇ ಬ್ಯಾನರ್ ಬಿದ್ದಿದ್ವು. ಲಿಂಗೈಕ್ಯ ಅಂತ ದೊಡ್ಡ ಅಕ್ಷರ. ಸತ್ತಂವನ ಫೋಟೋ ಸಣ್ಣದು, ದುಃಖ ಪಡೋರ ಫೋಟೋ ದೊಡ್ಡವು. ಒಬ್ಬ ಅಂತೂ ಕರೇ ಕನ್ನಡಕ ಹಾಕ್ಕೊಂಡು ನಗಾಕತ್ತಿದ್ದ. ನಾ ಬದನಿಕಾಯಿ ಮಾರಿ, ಕಟಗೊಂಡ ಬುತ್ತಿ ಹಂಗೇ ಇಟಗೊಂಡು, ಟಮ್‌ಟಮ್ ಹತ್ತಿ ಬಂದೆ. ಇಳದು ನೋಡ್ತೇನಿ, ನನ್ನ ಪಟ್ಟ್ಯಾಗ ಜೆಸಿಬಿ ನಿಂತದ. ನನ್ನ ಕಟಿಗಿ, ತಟ್ಟು ಎಲ್ಲಾ ಒಂದು ಬಾಜೂಕ ಬಿದ್ದದ. ನಡುವ ಕುಣಿ.

ಇಲ್ಲಿ ಸಾವಕಾರನ್ನ ಕೂಡಿಸಿದ್ರ ಮುಂದ ಏನಾಗ್ತದ ಅಂತ ನನಗ ಗೊತ್ತಿತ್ತು. ನನ್ನ ತಂಗೀನ ಕೊಹಿನೂರ ಅನ್ನೋ ಊರಿಗೆ ಕೊಟ್ಟದ. ಅವರ ಹೊಲದ ಅಂಚಿಗೆ ಒಬ್ಬ ಸಣ್ಣ ಲೀಡರನ್ನ ಕೂಡಿಸಿದ್ರು. ಮೊದಲು ಒಂದು ಕಟ್ಟಿ ಕಟ್ಟಿದ್ರು. ಆಮ್ಯಾಲ ಅದರ ಮ್ಯಾಲ ತಗಡಿನ ಪತ್ರಾಸು. ಆಮ್ಯಾಲ ಪುಣ್ಯತಿಥಿಗೆ ಅನ್ನ ಮಾಡಾಕ ಒಂದು ಖೋಲಿ, ಖೋಲಿಗೆ ಒಂದು ಬೋರು. ಈಗ ತಂಗಿ ತನ್ನ ಹೊಲಕ್ಕ ಎತ್ತು ಹೊಡಕೊಂಡು ಹೋಗಾಕ ಚಪ್ಪಲಿ ಬಿಡಬೇಕು. ಕುಂತ ಹೆಣಕ್ಕ ಯಾವ ಕೋರ್ಟೂ ಎದ್ದೇಳು ಅನ್ನಂಗಿಲ್ಲ. ಏನು ಮಾಡೋದಿದ್ರೂ ಸಾವಕಾರ ಕೂಡೂದ್ರಾಗನೇ ಮಾಡಬೇಕು.

"ಯಾರಪ್ಪನ ಹೊಲದಾಗ ತೋಡಾಕತ್ತೀರೋ?" ಅಂದೆ.

ನನ್ನ ಮಗ ಓಡಿ ಬಂದ. ಅಂವ ಸಾವಕಾರನ ಮನ್ಯಾಗ ಟ್ರ್ಯಾಕ್ಟರ್ ಹೊಡಿತಿದ್ದ. "ಅವ್ವಾ, ಒದರಬ್ಯಾಡ. ದೊಡ್ಡ ಮಂದಿ ಅದಾರ."

"ದೊಡ್ಡ ಮಂದಿಗೆ ಸಣ್ಣ ಪಟ್ಟಿ ಯಾಕ ಬೇಕು?"

ಅಷ್ಟರಾಗ ಸಾವಕಾರನ ಹಿರೇಮಗ ಬಂದ. ಬಿಳೇ ಅಂಗಿ, ಕಣ್ಣು ಕೆಂಪಗ. ಅತ್ತಿದ್ದ, ಸುಳ್ಳು ಯಾಕ ಹೇಳ್ಲಿ. "ಆಯಿ, ಹುಡುಗರು ತಪ್ಪಿ ತೋಡ್ಯಾರ. ಹೊಲದ ಬಾಂದು ಗೊತ್ತಾಗಿಲ್ಲ ಅವರಿಗೆ."

"ಬಾಂದಿನ ಮ್ಯಾಲ ಬೇವಿನ ಗಿಡ ಅದ ತಮ್ಮಾ. ನಿಮ್ಮಪ್ಪ ಹೊಲಕ್ಕ ಬಂದಾಗೊಮ್ಮೆ ಧೋತರ ಎತ್ತಿ ಅದರ ಬುಡಕ್ಕೇ ನೀರು ಬಿಡ್ತಿದ್ದ. ಬಾಂದು ಎಲ್ಲದ ಅಂತ ಅವಗ ಚಲೋ ಗೊತ್ತಿತ್ತು."

ಹಿಂದ ನಿಂತ ಯಾರೋ ಕಿಸಕ್ಕಂತ ನಕ್ಕು ಬಾಯಿ ಮುಚ್ಚಿಕೊಂಡ್ರು.

ಆಗ ಅಯ್ಯಾರು ಬಂದ್ರು. ಸತ್ತವರ ತಲಿ ಮ್ಯಾಲ ಪಾದ ಇಟ್ಟು ಕಳಿಸಿಕೊಡೋ ಸ್ವಾಮಿ. ಮುಂಜಾನಿಂದ ಉಂಡಿದ್ದಿಲ್ಲ, ಮಾರಿ ಸಣ್ಣದಾಗಿತ್ತು. "ಯವ್ವಾ, ತಪ್ಪೋ ಒಪ್ಪೋ, ತೋಡಿದ್ದು ತೋಡಿ ಆಗ್ಯದ. ತೋಡಿದ ಕುಣಿ ಬರಿದು ಬಿಡಬಾರದು. ಬಿಟ್ಟರ ಅದು ಊರಾಗ ಇನ್ನೊಬ್ಬರನ್ನ ಬೇಡ್ತದ. ನೀ ಹೂಂ ಅನ್ನು."

ಸುತ್ತ ನಿಂತ ಮಂದಿ ಎಲ್ಲಾ ಹೌದ್ರಿ ಹೌದ್ರಿ ಅಂದ್ರು. ನಮ್ಮ ಕಡೆ ಇದಕ್ಕ ಎಲ್ಲಾರೂ ಅಂಜತಾರ. ಬರಿದು ಬಿಟ್ಟ ಕುಣಿ ಅಂದ್ರ ಯಾರ ಮನ್ಯಾಗ ಸಣ್ಣ ಕೂಸು ಅದ, ಯಾರ ಮನ್ಯಾಗ ಜಡ್ಡಿನವರು ಅದಾರ ಅಂತ ಎಣಸಾಕ ಶುರು ಮಾಡ್ತಾರ. ಇನ್ನು ನಾ ಬ್ಯಾಡ ಅಂದ್ರ, ನಾಳೆ ಊರಾಗ ಯಾರು ಸತ್ತರೂ ನಾನೇ ಕೊಂದಾಕಿ. ಹಗ್ಗ ಗಟ್ಟಿ ಬಿಗದಿದ್ರು.

ಕುಣಿಗೆ ಇಳಿಯಾಕ ಮೆಟ್ಟಲಾ ಬಿಟ್ಟಿದ್ರು. ನಾ ಸೀರಿ ನೆರಗಿ ಎತ್ತಿ ಹಿಡಕೊಂಡು ಇಳದೆ. ಗೂಡಿನ್ಯಾಗ ಹೋಗಿ ಚಕ್ಕಳಮಕ್ಕಳ ಹಾಕಿ ಕುಂತೆ.

"ಕುಣಿ ಬರಿದಿಲ್ಲರಿ ಅಯ್ಯಾರ," ಅಂದೆ. "ನಾ ಕುಂತೇನಿ. ಇನ್ನ ಸಾವಕಾರ್ರಿಗೆ ಅವರ ಹೊಲದಾಗ ತೋಡ್ರಿ."

ಮ್ಯಾಲ ಒಮ್ಮೆಲೆ ಗದ್ದಲ ಆತು. ಮಗ ಕುಣಿ ಅಂಚಿಗೆ ಬಗ್ಗಿ, "ಅವ್ವಾ, ಎದ್ದು ಬಾ, ನನ್ನ ಕೆಲಸ ಹೋಗ್ತದ," ಅಂದ. ಅವನ ಮಾತು ಖರೇ ಇತ್ತು. ಆದ್ರೂ ನಾ ಏಳಲಿಲ್ಲ. ಇಬ್ಬರು ಪಾರ್ಟಿ ಹುಡುಗರು ನನ್ನ ಎಳೆಯಾಕ ಒಂದು ಮೆಟ್ಟಲಾ ಇಳದ್ರು. ಆಗ ನಮ್ಮೂರ ಪೋರಗೋಳು ಮೊಬೈಲ್ ತಗದ್ರು. ಹಿರೇಮಗ ಅದನ್ನ ನೋಡಿದ. ಅಂವ ಅಪ್ಪನ ಜಾಗಾಕ್ಕ ಇಲೆಕ್ಷನ್‌ಗೆ ನಿಲ್ಲಾಂವ ಇದ್ದ. ಅಪ್ಪನ ಮಣ್ಣಿನ ದಿನ ಮುದುಕಿನ್ನ ರಟ್ಟಿ ಹಿಡದು ಎಳದ ಅಂತ ವಿಡಿಯೋ ಹೋದ್ರ ಹ್ಯಾಂಗ? "ಮ್ಯಾಲ ಬರ್ರೋ," ಅಂದ.

ಒಳಗ ಚಲೋ ತಂಪಿತ್ತು. ಹೊರಗ ಬಿಸಿಲು ಸುಡಾಕತ್ತಿತ್ತು, ಇಲ್ಲಿ ಹಸೇ ಮಣ್ಣಿನ ವಾಸನಿ. ಜೆಸಿಬಿಲೆ ತೋಡಿದ್ದಕ್ಕ ಗೂಡು ಬೇಕಾದ್ದಕ್ಕಿಂತ ದೊಡ್ಡದಾಗಿತ್ತು, ಕಾಲು ಚಾಚಾಕ ಜಾಗಾ ಇತ್ತು. ಹಸಿವಿ ಆಗಿತ್ತು. ಬುತ್ತಿ ಬಿಚ್ಚಿ ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ ತಿಂದೆ.

"ಅಯ್ಯಯ್ಯೋ, ಕುಣ್ಯಾಗ ಉಣ್ಣಾಕತ್ತಾಳಲ್ಲೋ!" ಅಂದ್ಲು ಮ್ಯಾಲಿಂದ ಒಬ್ಬಾಕಿ.

"ನಿನಗೂ ಬೇಕಾದ್ರ ಬಾ," ಅಂದೆ.

ಹೊತ್ತು ಇಳಿಯಾಕ ಬಂದಾಗ ಹುಮನಾಬಾದದಿಂದ ವಿಮಾನ ಬಂತು. ವಿಮಾನ ಅಂದ್ರ ಹೆಣ ಕುಂಡ್ರಿಸಿ ತರೋ ಬಾಳಿಕಂಬದ ಮಂಟಪ. ರೋಡಿನತನ ಟ್ರ್ಯಾಕ್ಟರ್ ಮ್ಯಾಲ ತಂದು, ಅಲ್ಲಿಂದ ಹೆಗಲ ಮ್ಯಾಲ ಹೊತ್ತು ತಂದ್ರು. ಒಮ್ಮೆ ಹೊತ್ತರ ಕುಣಿ ಬಾಯಿಗೇ ಇಳಿಸಬೇಕು, ನಡುವ ನೆಲಕ್ಕ ಇಡಂಗಿಲ್ಲ. ಕುಣಿ ಬಾಯ್ತನ ಬಂದು ನಿಂತ್ರು, ನೋಡಿದ್ರ ಒಳಗ ನಾ. ಸಾವಕಾರ ತೂಕದ ಆಳು. ಹೊತ್ತವರ ಕಾಲು ನಡಗಾಕತ್ತಿದ್ವು.

ಅಂವ ಮ್ಯಾಲ ಕುಂತಿದ್ದ, ತಲಿಗೆ ಜರಿ ರುಮಾಲು. ನಾ ಕೆಳಗ ಕುಂತಿದ್ದೆ. ಮಾರಿಗೆ ಮಾರಿ. ಅಷ್ಟೊತ್ತು ಅಂವ ಸುಮ್ಮನ ಇದ್ದದ್ದು ನಾ ಎಂದೂ ಕಂಡಿದ್ದಿಲ್ಲ.

ಅಷ್ಟರಾಗ ಬೀದರಿಂದ ಒಬ್ಬ ದೊಡ್ಡ ಲೀಡರ್ ಬಂದ. ಮಾಲಿ ಹಾಕಿದ, ಕಣ್ಣು ಒರಸಿಕೊಂಡ, ಎಲ್ಲಾರೂ ಕೆಳಗ ನೋಡಾಕತ್ತಾರಂತ ತಾನೂ ಬಗ್ಗಿ ನೋಡಿದ. ನಾ ಕಂಡೆ. ರೂಢಿ ನೋಡ್ರಿ, ತಟ್ಟನ ಕೈ ಜೋಡಿಸಿ, "ಆಶೀರ್ವಾದ ಇರಲಿ ಆಯಿ," ಅಂದ.

"ರೋಡಿಗೆ ಲೈಟ್ ಹಾಕಸ್ರಿ," ಅಂದೆ.

"ಆಗ್ಲಿ ಆಗ್ಲಿ," ಅಂದು ಕಾರು ಹತ್ತಿದ.

ಆಮ್ಯಾಲ ಸಾವಕಾರನ ಹೆಂಡತಿ ಬಂದ್ಲು. ನನಗಿಂತ ಹಿರ್ಯಾಕಿ, ಮಣಕಾಲು ಬ್ಯಾನಿ. ಇಬ್ಬರು ಹಿಡಕೊಂಡು ಕರಕೊಂಡು ಬಂದ್ರು. ಆಕಿ ಅಳಾಕತ್ತಿದ್ದಿಲ್ಲ. ಕುಣಿ ಒಳಗ ನೋಡಿ, "ಏನವಾ ತಂಗಿ, ಅಲ್ಲೇನು ಮಾಡಾಕತ್ತಿ?" ಅಂದ್ಲು.

"ನನ್ನ ಹೊಲದಾಗ ನಾ ಕುಂತೇನಿ ಅಕ್ಕಾ."

ಆಕಿ ಮಗನ ಕಡೆ ತಿರುಗಿದ್ಲು. "ಇದು ಈಕಿ ಹೊಲೇನು?"

"ಅವ್ವಾ, ತಪ್ಪಿ..."

"ತಪ್ಪಿ ಅಲ್ಲ. ನಿಮ್ಮಪ್ಪ ಹೇಳಿ ಸತ್ತಾನ. ಮಂಚದ ಮ್ಯಾಲ ಮಲಕ್ಕೊಂಡೇ, ರೋಡಿಗೆ ಕೂಡಸ್ರಿ, ರೋಡಿಗೆ ಕೂಡಸ್ರಿ ಅಂತಿದ್ದ. ನಾ ಕಿವ್ಯಾರೆ ಕೇಳೀನಿ." ಆಕಿ ಒಂದು ಗಳಿಗಿ ವಿಮಾನದ ಕಡೆ ನೋಡಿದ್ಲು. "ಜೀವ ಇರೂತನ ಮಂದಿ ಹೊಲದಾಗ, ಮಂದಿ ಮನ್ಯಾಗ ಕುಂತಿದ್ದು ಸಾಕು. ಈಗರ ತನ್ನ ಹೊಲದಾಗ ಕುಂದರ್ಲಿ."

ಹೊತ್ತವರೊಳಗ ಒಬ್ಬ, "ಎಲ್ಲೆರ ಕೂಡಸ್ರಿ, ಲಗು ಹೇಳ್ರಿ, ಹೆಗಲು ಹರಿಯಾಕತ್ತದ," ಅಂದ.

ಜೆಸಿಬಿ ಬಾಂದು ದಾಟಿ ಹಿಂದ ಹೋತು, ಹೊತ್ತವರು ಹೆಗಲು ಬದಲಿಸಿಕೋತ ನಿಂತ್ರು. ಹೊತ್ತು ಮುಳುಗೂದ್ರಾಗ ಬೇವಿನ ಗಿಡದ ಆಚೆ ಇನ್ನೊಂದು ಕುಣಿ ಆತು. ಅಯ್ಯಾರು ಪಾದ ಇಟ್ರು, ಮಂತ್ರ ಲಗು ಲಗು ಹೇಳಿದ್ರು, ಪತ್ರಿ ಬಿತ್ತು, ಮಣ್ಣು ಬಿತ್ತು. ಭಜನಿ ಮುಗಿಯೂತನ ನಾ ಎದ್ದಿಲ್ಲ. ಎಲ್ಲಾ ಮುಗದು ಉಪ್ಪಿನ ಖಾಲಿ ಚೀಲ ಝಾಡಿಸಿದ ಸಪ್ಪಳ ಕೇಳಿದ ಮ್ಯಾಲನೇ ಮ್ಯಾಲ ಬಂದೆ. ಮಗ ಕೈ ಹಿಡದು ಎತ್ತಿದ. ಟ್ರ್ಯಾಕ್ಟರ್ ಕೀಲಿ ಅವನ ಕೈಯಾಗಿಂದ ಆಗಲೇ ಇಸಗೊಂಡಿದ್ರು.

ಅಯ್ಯಾರು ಹೋಗಾಗ ನನ್ನ ಕುಣಿ ಕಡೆ ಬೊಟ್ಟು ಮಾಡಿ, "ಯವ್ವಾ, ಅದು ಬರಿದೇ ಉಳೀತಲ್ಲ," ಅಂದ್ರು. ಅವರ ಮಾರಿ ನೋಡಿದ್ರ ಖರೇನೇ ಅಂಜಿದ್ರು.

"ತುಂಬತೇನಿ ಹೋಗ್ರಿ," ಅಂದೆ. "ಉಂಡು ಮಲಕ್ಕೋರಿ."

ಮರುದಿನ ಮುಂಜಾನಿ ನಾ ಎದ್ದು, ದನದ ಕೊಟ್ಟಗಿ ಬಳದು, ಸೆಗಣಿ ಬುಟ್ಟಿ ತಲಿ ಮ್ಯಾಲ ಹೊತಗೊಂಡು ಹೋಗಿ ಆ ಕುಣ್ಯಾಗ ಸುರುವಿದೆ. ಅಷ್ಟು ನೆಟ್ಟಗ ತೋಡಿದ ತಿಪ್ಪಿಗುಂಡಿ ಊರಾಗ ಯಾರಿಗೂ ಇದ್ದಿದ್ದಿಲ್ಲ. ತಿರುಗಿ ಮನಿಗೆ ಬಂದ್ರ, ಮಗ ಕೆಲಸ ಇಲ್ಲದಂವ, ಹೊಸ್ತಲಾ ಮ್ಯಾಲ ಮಾರಿ ಇಳಿಬಿಟ್ಟು ಕುಂತಿದ್ದ. ಇನ್ನೊಂದು ಬುಟ್ಟಿ ತುಂಬಿ ಅವನ ಮುಂದ ಇಟ್ಟು, "ಇದನ್ನ ನೀ ಹೊರು," ಅಂದೆ. ನಾ ಬಿದ್ದ ಕಟಿಗಿ ಎತ್ತಿ ನಿಲ್ಲಸಾಕ ರೋಡಿನ ಕಡೆ ಹೋದೆ.