ಭಾವನ ಏಳು ಹೊಲಿಗೆ

ನನ್ನ ಅಕ್ಕನ ಗಂಡನನ್ನು ಯಾರಾದರೂ "ಹೇಗಿದ್ದೀರಿ?" ಎಂದು ಕೇಳಿದರೆ ಅದು ಕೇಳಿದವರದೇ ತಪ್ಪು. ಬೇರೆಯವರು "ಆರಾಮ" ಎಂದು ಮುಗಿಸುವ ಕಡೆ ಭಾವ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಮೊದಲು ನಿದ್ರೆಯ ವಿಚಾರ, ಆಮೇಲೆ ಎಡ ಮಂಡಿ, ಆಮೇಲೆ ಬಲ ಮಂಡಿ, ಎರಡಕ್ಕೂ ಇರುವ ವ್ಯತ್ಯಾಸ. ಮಾತು ಹೊಟ್ಟೆಗೆ ಇಳಿಯುವ ಹೊತ್ತಿಗೆ ಎದುರಿಗೆ ಕೂತವರ ಚಹಾ ಕೆನೆ ಕಟ್ಟಿರುತ್ತದೆ.

ಮೊದಲು ಹೀಗಿರಲಿಲ್ಲ. ಮೂವತ್ತೊಂದು ವರ್ಷ ಅವರು ಬಸ್ ಡಿಪೋದಲ್ಲಿ ಟೈಂಕೀಪರ್ ಆಗಿದ್ದರು. ಗೇಟಿನ ಪಕ್ಕ ಮೂರಡಿ ಅಗಲದ ಗಾಜಿನ ಗೂಡು, ಒಂದು ಮೇಜು, ಒಂದು ರಿಜಿಸ್ಟರು. ಯಾವ ಬಸ್ಸು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ನಿಮಿಷ ತಡವಾಗಿ ಬಂತು ಎಂದು ಬರೆಯುವುದು ಕೆಲಸ. ಆನೆಯಂಥ ಡ್ರೈವರುಗಳು ಆ ಗೂಡಿನ ಮುಂದೆ ಇಲಿಯಾಗಿ ನಿಲ್ಲುತ್ತಿದ್ದರಂತೆ. "ಟೈರ್ ಪಂಕ್ಚರ್ ಆಯ್ತು ಸಾರ್" ಎಂದರೆ ಭಾವ ತಲೆ ಎತ್ತುತ್ತಿರಲಿಲ್ಲ. "ಆರು ನಿಮಿಷ" ಎಂದು ಬರೆದುಕೊಳ್ಳುತ್ತಿದ್ದರು, ಅಷ್ಟೆ. ಅಷ್ಟು ವರ್ಷಗಳಲ್ಲಿ ಅವರು ಒಂದು ದಿನವೂ ಕಾಯಿಲೆಯ ರಜೆ ಹಾಕಲಿಲ್ಲ. ಕಾಯಿಲೆ ಬೀಳಲು ಪುರುಸೊತ್ತು ಎಲ್ಲಿತ್ತು?

ನಿವೃತ್ತಿಯಾದದ್ದು ಒಂದು ಶನಿವಾರ. ಸೋಮವಾರ ಬೆಳಿಗ್ಗೆ ಐದಕ್ಕೆ ಎದ್ದು ಸ್ನಾನ ಮಾಡಿ, ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಸೋಫಾದ ಮೇಲೆ ಕೂತರು. ಮಂಗಳವಾರವೂ ಹಾಗೇ. ಬುಧವಾರ ಎದೆಯ ಎಡಭಾಗದಲ್ಲಿ ಏನೋ ಚುಚ್ಚಿದಂತಾಯಿತು. ಅಲ್ಲಿಂದ ಅವರಿಗೆ ಮತ್ತೆ ಕೈತುಂಬ ಕೆಲಸ.

ನಾನು ಹದಿನೆಂಟು ವರ್ಷದಿಂದ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ಭಾವನ ಮೊದಲ ಫೋನು ನನಗೇ. ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ, ಅಂಗಡಿಯಲ್ಲಿ ಗಿರಾಕಿಗಳು ಸಾಲುಗಟ್ಟಿ ನಿಂತಿರುವಾಗ. "ಏನಮ್ಮ, ಇವತ್ತು ನಾಲಿಗೆ ಸ್ವಲ್ಪ ಬೆಳ್ಳಗಿದೆ, ಏನಿರಬಹುದು?" ಹಲ್ಲುಜ್ಜುವ ಪೇಸ್ಟು ಇರಬಹುದು ಎಂದು ಒಮ್ಮೆ ಹೇಳಿ ಒಂದು ವಾರ ಅವರ ಮುನಿಸು ಅನುಭವಿಸಿದ್ದೇನೆ. ನನ್ನ ನಂತರ ಅವರ ತಮ್ಮ, ಆಮೇಲೆ ಸೋದರತ್ತೆಯ ಮಗ, ಆಮೇಲೆ ಹಳೆಯ ಸಹೋದ್ಯೋಗಿಗಳು. ಊಟದ ಹೊತ್ತಿಗೆ ಇಡೀ ಬಳಗಕ್ಕೆ ಭಾವನ ನಾಲಿಗೆಯ ಬಣ್ಣ ತಿಳಿದಿರುತ್ತಿತ್ತು.

ಅಕ್ಕ ಇದ್ಯಾವುದಕ್ಕೂ ಕಿವಿ ಕೊಡುತ್ತಿರಲಿಲ್ಲ. ಅವಳದು ಹೊಲಿಗೆ. ಮುಂದಿನ ಕೋಣೆಯ ಕಿಟಕಿಯ ಬಳಿ ಅವಳ ಮಿಷನ್ನು, ಸುತ್ತ ಶಾಲೆಯ ಯೂನಿಫಾರ್ಮಿನ ಬಟ್ಟೆಯ ಗಂಟುಗಳು, ಗುಂಡಿ ತುಂಬಿದ ಡಬ್ಬಗಳು. ಪೆಡಲ್ ತುಳಿಯುತ್ತಲೇ "ಹೂಂ, ಹೂಂ" ಎನ್ನುತ್ತಿದ್ದಳು. ಭಾವನಿಗೆ ಅಷ್ಟೇ ಸಾಕಾಗಿತ್ತು.

ಹೀಗಿರುವಾಗ ಈ ವರ್ಷ ಅವರಿಗೆ ನಿಜವಾಗಿಯೂ ಒಂದು ಕಾಯಿಲೆ ಬಂತು. ಹರ್ನಿಯಾ. ಭಯಪಡುವಂಥದ್ದೇನಲ್ಲ, ಸಣ್ಣ ಆಪರೇಷನ್ನು, ಮಾರನೆಯ ದಿನ ಮನೆಗೆ ಹೋಗಬಹುದು ಎಂದರು ಡಾಕ್ಟರು. ಭಾವನ ಮುಖ ಕಳೆಗಟ್ಟಿತು. ಇಷ್ಟು ದಿನ ಯಾರೂ ನಂಬದಿದ್ದುದಕ್ಕೆ ಈಗ ಸ್ಕ್ಯಾನಿಂಗಿನ ದಾಖಲೆ ಸಿಕ್ಕಿತ್ತು. ಅದನ್ನು ಕವರಿನಲ್ಲಿಟ್ಟುಕೊಂಡು ಬಂದವರಿಗೆಲ್ಲ ಬೆಳಕಿಗೆ ಹಿಡಿದು ತೋರಿಸಿದರು. ಆಪರೇಷನ್ನಿಗೆ ಮೊದಲು ತಮ್ಮನನ್ನು ಕರೆಸಿ ಕೈಗಡಿಯಾರ ಅವನ ಕೈಗಿತ್ತು, "ನಾನು ಬರದಿದ್ರೆ ಇದು ನಿನ್ನದು, ಬಂದ್ರೆ ವಾಪಸ್ ಕೊಡು" ಎಂದರು. ತಮ್ಮ ಅತ್ತ. ನಲವತ್ತು ನಿಮಿಷದಲ್ಲಿ ಆಪರೇಷನ್ ಮುಗಿಯಿತು. ಭಾವ ಎಚ್ಚರವಾದೊಡನೆ ಕೇಳಿದ ಮೊದಲ ಪ್ರಶ್ನೆ, "ಎಷ್ಟು ಹೊಲಿಗೆ?"

ಏಳು.

ಆ ಏಳನ್ನು ಅವರು ಪದಕದಂತೆ ಮನೆಗೆ ತಂದರು. ಮಂಚದ ಪಕ್ಕದಲ್ಲಿ ಒಂದು ಕರೆಗಂಟೆ ಹಾಕಿಸಿಕೊಂಡರು, ಅದರ ಶಬ್ದ ಅಕ್ಕನ ಮಿಷನ್ನಿನ ತಲೆಯ ಮೇಲೆ. ಒಂದು ಸಲ ಒತ್ತಿದರೆ ನೀರು, ಎರಡು ಸಲ ಒತ್ತಿದರೆ ದಿಂಬು, ಮೂರು ಸಲ ಒತ್ತಿದರೆ ಸುಮ್ಮನೆ ಬಾ ಎಂದು. ಹೆಚ್ಚು ಕೇಳಿಸುತ್ತಿದ್ದುದು ಮೂರೇ.

ಮೂರು ವಾರಕ್ಕೆ ಅವರ ಒಬ್ಬಳೇ ಮಗಳಿಗೆ ಹೆರಿಗೆಯಾಯಿತು. ಅವಳಿಗೂ ಆಪರೇಷನ್ನೇ. ಹೆಣ್ಣು ಮಗು, ಇಬ್ಬರೂ ಕ್ಷೇಮ ಎಂದು ಅಳಿಯ ಫೋನು ಮಾಡಿದಾಗ ನಾನು ಅಲ್ಲೇ ಇದ್ದೆ. ಭಾವ ಮಗಳಿಗೆ ಫೋನು ಕೊಡಲು ಹೇಳಿದರು. ಪಾಪ, ಕಣ್ಣು ಬಿಡಲೂ ತ್ರಾಣವಿಲ್ಲದ ಹುಡುಗಿ "ಅಪ್ಪ..." ಎಂದಳು.

"ನಿನಗೆ ಎಷ್ಟು ಹೊಲಿಗೆ ಹಾಕಿದ್ರು ಮಗಳೇ?"

"ಗೊತ್ತಿಲ್ಲಪ್ಪ."

"ಎಣಿಸಿಕೋಬೇಕು. ನನಗೆ ಏಳು. ಕೆಮ್ಮಿದ್ರೆ ಜೀವ ಹೋಗುತ್ತೆ. ಇನ್ನೂ ಹೋಗಿಲ್ಲ ಆ ನೋವು."

ಮಗಳು ನಾಲ್ಕನೆಯ ದಿನ ಎದ್ದು ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಭಾವ ನಾಲ್ಕನೆಯ ವಾರವೂ ಮಂಚದ ಮೇಲೆಯೇ ಇದ್ದರು.

ಎರಡು ತಿಂಗಳಿಗೆ ಡಾಕ್ಟರು ಮತ್ತೊಮ್ಮೆ ನೋಡಿದರು. ಹೋಗಿಬಂದ ಭಾವ ಎಲ್ಲರಿಗೂ ಹೇಳಿದ್ದು ಇಷ್ಟೇ: "ಡಾಕ್ಟರು ಏನೂ ಮಾತಾಡಲಿಲ್ಲ, ಸುಮ್ಮನೆ ತಲೆ ಅಲ್ಲಾಡಿಸಿದರು." ಆದರೆ ಡಾಕ್ಟರ ಚೀಟಿ ಬಂದದ್ದು ನನ್ನ ಅಂಗಡಿಗೆ. ಅದರಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು: ಮಾತ್ರೆಗಳನ್ನೆಲ್ಲ ನಿಲ್ಲಿಸಿ, ದಿನಾ ಒಂದು ಗಂಟೆ ನಡೆಯಿರಿ, ಎಂದಿನಂತೆ ಎಲ್ಲ ಕೆಲಸ ಮಾಡಿ. ನಾನು ಓದಿದೆ. ಭಾವನ ಮುಖ ನೋಡಿದೆ. ಅವರು ಶೋಕೇಸಿನಲ್ಲಿದ್ದ ಸೀಸೆಯೊಂದನ್ನು ತೋರಿಸಿ, "ಇದು ಶಕ್ತಿಗೆ ಒಳ್ಳೇದಾ?" ಎಂದರು. ಕಟ್ಟಿ ಕೊಟ್ಟೆ. ನಾನೇನೂ ಸಾಚಾ ಎಂದು ಹೇಳಿಕೊಳ್ಳುತ್ತಿಲ್ಲ. ಅವರ ಸಂಸಾರ, ಅವರ ಮಂಚ, ನನಗೇಕೆ ಎಂದು ಬಾಯಿ ಮುಚ್ಚಿಕೊಂಡೆ. ಅಕ್ಕನಿಗಾದರೂ ಹೇಳಬೇಕಿತ್ತು.

ಏಕೆಂದರೆ ಆ ದಿನಗಳಲ್ಲಿ ಅಕ್ಕನ ಕಣ್ಣು ಮಬ್ಬಾಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ಕಾಲು ಗಂಟೆ ಹಿಡಿಯುತ್ತಿತ್ತು. ಒಂದು ಶರ್ಟಿನ ಕಾಜಾಗಳು ಒಂದು ಬದಿಯಲ್ಲಿ ಮೇಲಕ್ಕೆ, ಗುಂಡಿಗಳು ಇನ್ನೊಂದು ಬದಿಯಲ್ಲಿ ಕೆಳಕ್ಕೆ ಬಂದು, ಹಾಕಿಕೊಂಡ ಮಗು ಓರೆಯಾಗಿ ಕಂಡಿತು ಎಂದು ಅದರ ತಾಯಿ ಶರ್ಟನ್ನು ವಾಪಸ್ಸು ತಂದಳು. ಅಕ್ಕ ಗಂಡನ ಹತ್ತಿರ "ರೀ, ಕಣ್ಣು ಸರಿಯಾಗಿ ಕಾಣ್ತಿಲ್ಲ" ಎಂದಳಂತೆ. "ವಯಸ್ಸಾಯ್ತಲ್ಲ ಇವಳೇ, ಇನ್ನೇನು. ಆ ದಿಂಬು ಸ್ವಲ್ಪ ಮೇಲಕ್ಕೆ ಎಳಿ" ಎಂದರಂತೆ ಅವರು.

ನಾನೇ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ಎರಡು ಕಣ್ಣಿಗೂ ಪೊರೆ, ಬಲಗಣ್ಣಿನದು ಪೂರಾ ಬಲಿತಿದೆ, ತಡ ಮಾಡಬೇಡಿ ಎಂದರು. ಅಕ್ಕ ಭಾವನಿಗೆ ಹೇಳಲಿಲ್ಲ. "ತಂಗಿ ಮನೇಲಿ ಎರಡು ದಿನ ಇದ್ದು ಬರ್ತೀನಿ" ಎಂದು, ಫ್ರಿಜ್ಜಿನಲ್ಲಿ ಆರು ಡಬ್ಬಿ ಅಡುಗೆ ಇಟ್ಟು, ಯಾವುದು ಯಾವ ಹೊತ್ತಿಗೆ ಎಂದು ಚೀಟಿ ಅಂಟಿಸಿ ಹೊರಟಳು.

ಅವಳು ಆಪರೇಷನ್ ಕೋಣೆಯೊಳಗೆ ಹೋಗಿ ಹತ್ತು ನಿಮಿಷ ಆಗಿರಲಿಲ್ಲ, ನನ್ನ ಫೋನು ಹೊಡೆದುಕೊಂಡಿತು.

"ಏನಮ್ಮ, ನಿಮ್ಮಕ್ಕನಿಗೆ ಕೊಡು."

"ಅವಳು ಬಚ್ಚಲಲ್ಲಿದ್ದಾಳೆ ಭಾವ."

"ಬಿಸಿನೀರಿನ ಚೀಲ ಎಲ್ಲಿಟ್ಟಿದ್ದಾಳೆ ಕೇಳು."

"ಮಂಚದ ಕೆಳಗೆ ನೋಡಿ."

"ಬಗ್ಗಬಾರದಲ್ಲ ನಾನು! ಅಷ್ಟೂ ಗೊತ್ತಾಗಲ್ವಾ ನಿಮಗೆಲ್ಲ?"

ಎರಡನೆಯ ಸಲ ಫೋನು ಬಂದಾಗಲೂ ಅಕ್ಕ ಬಚ್ಚಲಲ್ಲೇ ಇದ್ದಳು. ಮೂರನೆಯ ಸಲಕ್ಕೆ "ಇನ್ನೂ ಬಚ್ಚಲಾ? ಅವಳಿಗೆ ಹೊಟ್ಟೆ ಕೆಟ್ಟಿದೆಯಾ?" ಎಂದು ಕೇಳಿದರು. ಹೌದು ಎಂದೆ. "ನನಗೂ ನಿನ್ನೆಯಿಂದ ಹಾಗೇ" ಎಂದು ಶುರು ಮಾಡಿಕೊಂಡರು.

ಮೂರನೆಯ ದಿನ ಅಕ್ಕನನ್ನು ಮನೆಗೆ ಬಿಟ್ಟೆ. ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತವಳನ್ನು ಭಾವ ಮಂಚದಿಂದಲೇ ನೋಡಿದರು.

"ಇದೇನು ಹೊಸ ಶೋಕಿ?"

"ಕಣ್ಣಿನ ಆಪರೇಷನ್ ಆಯ್ತು ರೀ."

ಭಾವನ ಬಾಯಿ ಅರ್ಧ ತೆರೆದುಕೊಂಡಿತು. ಒಂದು ಕ್ಷಣ, ಸುಳ್ಳು ಹೇಳಬಾರದು, ಅವರ ಮುಖದ ಮೇಲೆ ಹೆಂಡತಿಯ ಬಗೆಗಿನ ಗಾಬರಿಯೇ ಇತ್ತು. "ನನಗೆ ಯಾಕೆ ಹೇಳಲಿಲ್ಲ?" ಎಂದರು.

"ನಿಮಗೆ ಬಿ.ಪಿ. ಏರುತ್ತೆ ಅಂತ."

"ಎಷ್ಟು ಹೊಲಿಗೆ?"

"ಒಂದೂ ಇಲ್ಲ."

"ಓ," ಎಂದರು ಭಾವ. ಗಾಬರಿಯೆಲ್ಲ ಇಳಿದುಹೋಯಿತು. "ಹಾಗಾದ್ರೆ ಸಣ್ಣದು ಬಿಡು." ದಿಂಬಿಗೆ ಒರಗಿಕೊಂಡರು. ಅಕ್ಕ ಏನೂ ಆಗದವಳಂತೆ ಕೋಣೆಯ ಗೋಡೆ ನೋಡುತ್ತಿದ್ದಳು. "ಇದು ಕೆನೆ ಬಣ್ಣ ಅಂದ್ಕೊಂಡಿದ್ದೆ ಕಣೇ, ಬರೀ ಕೊಳೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಯ್ಯೋ, ನಿನಗೆ ಯಾವಾಗ ಇಷ್ಟು ಕೂದಲು ಬೆಳ್ಳಗಾಯ್ತು?" ಎಂದಳು. ಆಪರೇಷನ್ ಮಾಡಿಸಿದ ಪುಣ್ಯಕ್ಕೆ ನನಗೆ ಸಿಕ್ಕಿದ ಬಹುಮಾನ ಅದು.

ಮುಂದಿನದು ನಡೆದದ್ದು ಒಂದು ವಾರದ ಮೇಲೆ. ನಾನು ಕಣ್ಣಾರೆ ಕಂಡಿಲ್ಲ, ಅಕ್ಕ ಹೇಳಿದ್ದು.

ಮಧ್ಯಾಹ್ನ ಊಟವಾಗಿ ಅವಳು ಅಡುಗೆಮನೆಯ ಪಕ್ಕದ ಚಾಪೆಯ ಮೇಲೆ ಮಲಗಿದ್ದಳು. ಕಪ್ಪು ಕನ್ನಡಕದೊಳಗೆ ಕಣ್ಣು ಮುಚ್ಚಿದೆಯೋ ತೆರೆದಿದೆಯೋ ಹೊರಗಿನವರಿಗೆ ತಿಳಿಯುವುದಿಲ್ಲ. ತೆರೆದೇ ಇತ್ತು. ಕೋಣೆಯ ಬಾಗಿಲು ಮೆಲ್ಲಗೆ ಸರಿಯಿತು. ಭಾವ ಬಂದರು, ಬೆಕ್ಕಿನ ಹೆಜ್ಜೆ. ಕಬ್ಬಿಣದ ಸ್ಟೂಲನ್ನು ಸದ್ದಾಗದಂತೆ ಒಂದೇ ಕೈಯಲ್ಲಿ ಎತ್ತಿ ತಂದು ಸಜ್ಜಾದ ಕೆಳಗಿಟ್ಟರು. ಹತ್ತಿದರು. ತುದಿಗಾಲಲ್ಲಿ ನಿಂತು, ಮೈಯನ್ನು ಬಿಲ್ಲಿನಂತೆ ಮುಂದಕ್ಕೆ ಚಾಚಿ, ಹಿಂದಿನ ಸಾಲಿನಲ್ಲಿದ್ದ ಬಿಸ್ಕತ್ತಿನ ಡಬ್ಬ ಎಳೆದುಕೊಂಡರು. ಅಲ್ಲಿ ನಿಂತೇ ಒಂದು ತಿಂದರು, ಎರಡು ಜೇಬಿಗಿಳಿಸಿದರು. ಡಬ್ಬದ ಬಿಸ್ಕತ್ತುಗಳು ಅದೇಕೆ ಅಷ್ಟು ಬೇಗ ಖಾಲಿಯಾಗುತ್ತಿವೆ ಎಂದು ಎರಡು ತಿಂಗಳಿಂದ ಅಕ್ಕ ಇಲಿಯನ್ನು ಶಪಿಸುತ್ತಿದ್ದಳು.

"ಅದೇನು ಲಾಘವ ಅಂತೀಯಾ," ಎಂದಳು ನನಗೆ, ನಗು ತಡೆಯಲಾಗದೆ. "ಮದುವೆಯಾದ ಹೊಸತರಲ್ಲೂ ನೋಡಿರಲಿಲ್ಲ."

ಅವಳು ಕೂಗಾಡಲಿಲ್ಲ. ಮಲಗಿದಲ್ಲಿಂದಲೇ ಸಮಾಧಾನವಾಗಿ ಹೇಳಿದಳಂತೆ: "ರೀ, ಹೇಗೂ ಹತ್ತಿದ್ದೀರಲ್ಲ, ಪಕ್ಕದಲ್ಲಿರೋ ಬಟ್ಟೆ ಗಂಟನ್ನೂ ಇಳಿಸಿಬಿಡಿ. ಭಾರ ಎತ್ತಬಾರದು ಅಂದಿದ್ದಾರೆ ನನಗೆ."

ಭಾವ ಸ್ಟೂಲಿನ ಮೇಲೆ ಕಲ್ಲಾದರು. ಬಾಯಿತುಂಬ ಬಿಸ್ಕತ್ತು, ಮಾತಾಡುವಂತಿಲ್ಲ. ಕೆಮ್ಮಿದರು. ಜೀವವೇನೂ ಹೋಗಲಿಲ್ಲ. ಆಮೇಲೆ ಗಂಟು ಇಳಿಸಿದರು.

ಶಾಲೆ ಶುರುವಾಗಲು ಹನ್ನೆರಡು ದಿನವಿತ್ತು. ಹೊಲಿದು ಮುಗಿದ ನಲವತ್ತಾರು ಶರ್ಟುಗಳಿಗೆ ಗುಂಡಿ ಹಚ್ಚುವುದು ಬಾಕಿ. ಕಣ್ಣಿಗೆ ಶ್ರಮ ಕೊಡಬಾರದು ಎಂದು ಅಕ್ಕನಿಗೆ ತಾಕೀತಾಗಿತ್ತು. ಅವಳು ಗುಂಡಿಯ ಡಬ್ಬವನ್ನು ತಂದು ಗಂಡನ ಮಡಿಲಲ್ಲಿಟ್ಟಳು.

"ಏನಿದು?" ಎಂದರು ಭಾವ.

"ಕೈಗೇನೂ ಆಪರೇಷನ್ ಆಗಿಲ್ಲವಲ್ಲ."

"ಗಂಡಸರು ಮಾಡೋ ಕೆಲಸವಾ ಇದು?"

"ಮಲಗಿಕೊಂಡು ಗಂಟೆ ಒತ್ತೋದು ಗಂಡಸರ ಕೆಲಸವಾ?" ಎಂದು ಅಕ್ಕ ಕರೆಗಂಟೆಯ ವೈರನ್ನು ಕತ್ತರಿಯಲ್ಲಿ ಕಚಕ್ಕನೆ ಕತ್ತರಿಸಿದಳಂತೆ. ಬಟ್ಟೆ ಕತ್ತರಿಸುವ ಕತ್ತರಿ. ಅದರಿಂದ ಕಾಗದ ಕತ್ತರಿಸಿದರೂ ಮನೆಯಲ್ಲಿ ರಂಪ ಮಾಡುತ್ತಿದ್ದವಳು.

ಮೊದಲ ಶರ್ಟಿಗೆ ಭಾವ ಒಂದೂವರೆ ಗಂಟೆ ತೆಗೆದುಕೊಂಡರು. ಮೂರು ಸಲ ಬೆರಳು ಚುಚ್ಚಿಕೊಂಡು ನನಗೆ ಮೂರು ಸಲ ಫೋನು ಮಾಡಿದರು. ಧನುರ್ವಾಯು ಇಂಜೆಕ್ಷನ್ ಬೇಕೇ ಎಂದು. ಬೇಡ ಎಂದೆ. ಐದನೆಯ ದಿನದ ಹೊತ್ತಿಗೆ ಫೋನು ನಿಂತಿತು. ನಲವತ್ತಾರೂ ಮುಗಿದವು. ಗುಂಡಿಗಳು ಒಂದೇ ಗೆರೆಯಲ್ಲಿದ್ದವು, ಎಳೆದರೂ ಬರುವಂತಿರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಸಂತೋಷವೇನೂ ಇಲ್ಲ, ಆದರೆ ಅಕ್ಕನಿಗಿಂತ ಚೆನ್ನಾಗಿಯೇ ಹಚ್ಚಿದ್ದರು.

ಅಷ್ಟಕ್ಕೆ ಮನುಷ್ಯ ಬದಲಾದರು ಎಂದು ಯಾರೂ ತಿಳಿಯಬಾರದು. ಮೊನ್ನೆ ಅವರ ತಮ್ಮ ಸಿಕ್ಕಿ ನನ್ನ ಹತ್ತಿರ ಹೇಳಿದ: "ಅಣ್ಣ ಗ್ರೇಟು. ತನ್ನ ಮೈಯಲ್ಲಿ ಅಷ್ಟು ನೋವಿಟ್ಟುಕೊಂಡು ಅತ್ತಿಗೆಗೆ ಕಣ್ಣಿನ ಆಪರೇಷನ್ ಮಾಡಿಸಿದರಂತೆ, ಹಗಲೂ ರಾತ್ರಿ ಪಕ್ಕದಲ್ಲೇ ಕೂತಿದ್ದರಂತೆ, ಹೊಲಿಗೆಯನ್ನೂ ಅವರೇ ಸಂಭಾಳಿಸಿದರಂತೆ." ಯಾರು ಹೇಳಿದ್ದು ಎಂದು ನಾನು ಕೇಳಲಿಲ್ಲ. ಅಕ್ಕನಿಗೆ ತಿಳಿಸಿದಾಗ ಅವಳು, "ಹೇಳಿಕೊಳ್ಳಲಿ ಬಿಡು, ಬಾಯಿ ಅದರಲ್ಲಿದ್ರೆ ಗೊಣಗೋದು ಕಮ್ಮಿ" ಎಂದಳು. ಎಡಗಣ್ಣಿನದು ಮುಂದಿನ ತಿಂಗಳು. ಈ ಸಲ ಮುಂಚೆಯೇ ಹೇಳಿದ್ದಾಳೆ, ಅವರೇ ಜೊತೆಗೆ ಬರುತ್ತಾರಂತೆ. ಆಸ್ಪತ್ರೆಯವರ ಗತಿ ನೆನೆದು ನನಗೆ ಮರುಕವಾಗುತ್ತಿದೆ.

ಕಳೆದ ಭಾನುವಾರ ಮಗಳು ಮಗುವನ್ನು ಕರೆತಂದಿದ್ದಳು. ನಾನೂ ಹೋಗಿದ್ದೆ. ಭಾವ ಮಿಷನ್ನಿನ ಪಕ್ಕ ಕೂತು ಗುಂಡಿಗಳನ್ನು ಅಳತೆಯ ಪ್ರಕಾರ ಬೇರೆ ಬೇರೆ ಡಬ್ಬಗಳಿಗೆ ಹಾಕುತ್ತಾ, ಸೊಂಟನೋವಿನ ಬಗ್ಗೆ ಅಳಿಯನಿಗೆ ವಿವರಿಸುತ್ತಿದ್ದರು. ಅಳಿಯನ ಕಣ್ಣು ಬಾಗಿಲಿನ ಮೇಲಿತ್ತು. ಅಕ್ಕ ಮಗುವನ್ನು ಎತ್ತಿಕೊಂಡು ಕಿಟಕಿಯ ಬಳಿ ಬೆಳಕಿಗೆ ಹಿಡಿದಳು. ಹುಟ್ಟಿದಾಗಿನಿಂದ ಎಷ್ಟೋ ಸಲ ಎತ್ತಿ ಆಡಿಸಿದ್ದಳು, ಆದರೆ ಅವಳ ಪಾಲಿಗೆ ಅದು ಇಷ್ಟು ದಿನ ಬೆಚ್ಚಗಿನ, ಮಬ್ಬಾದ ಒಂದು ಮುದ್ದೆಯಾಗಿತ್ತಷ್ಟೆ. ಬಲಗಣ್ಣನ್ನು ಹತ್ತಿರ ತಂದು ಹುಬ್ಬು ನೋಡಿದಳು, ರೆಪ್ಪೆ ನೋಡಿದಳು, ಕಿವಿಯ ಹಿಂದೆ ಇದ್ದ ಒಂದು ಸಣ್ಣ ಮಚ್ಚೆ ಕಂಡುಹಿಡಿದಳು. ಮಗು ಅವಳ ಕನ್ನಡಕದ ಕಡೆ ಕೈಚಾಚಿತು.

"ಮೂಗು ಥೇಟ್ ನಿಮ್ಮಪ್ಪನದೇ," ಎಂದಳು ಕೊನೆಗೆ, ಮಗಳ ಕಡೆ ತಿರುಗಿ. "ಪಾಪ. ಇರಲಿ, ಮೂಗು ಮಾತಾಡಲ್ಲವಲ್ಲ."