ಟಗರಿನ ಕೊರಳಿಗೊಂದು ತಾಯಿತ

ಮಗು ತನ್ನನ್ನು ನೋಡಿ ಸೇದುವುದನ್ನು ಕಲಿತುಬಿಟ್ಟರೆ ಗತಿಯೇನು? ದೋಸೆ ಹುಯ್ಯುವಾಗಲೂ ಶಾಲಿನಿಗೆ ಇದೇ ಯೋಚನೆ. ಮೂರು ವರ್ಷದ ಧನು ನಿನ್ನೆ ಸ್ಕೆಚ್ ಪೆನ್ನನ್ನು ತುಟಿಗಿಟ್ಟು, ಕಣ್ಣು ಅರೆಮುಚ್ಚಿ, 'ಉಫ್' ಎಂದಿದ್ದಳು. ಅತ್ತೆ ಮುತ್ತಮ್ಮ ಹೊಗೆ ಬಿಡುವ ಬಸ್ಸಿನ ಆಟವೆಂದುಕೊಂಡು ಚಪ್ಪಾಳೆ ತಟ್ಟಿದ್ದರು. ಅದು ಬಸ್ಸಲ್ಲ, ತಾನು ಬಚ್ಚಲಲ್ಲಿ ಕದ್ದು ಸೇದುವ, ಮಾವಿನ ವಾಸನೆಯ ಇ-ಸಿಗರೇಟು, ವೇಪ್ ಎಂಬುದು ಶಾಲಿನಿಯೊಬ್ಬಳಿಗೇ ಗೊತ್ತು.

ಸೇಲಂನಲ್ಲಿ ಓದುವಾಗ ಗೆಳತಿಯೊಬ್ಬಳು, "ಸಿಗರೇಟಲ್ಲ ಕಣೇ, ಬರೀ ಆವಿ," ಎಂದು ಕೊಟ್ಟಿದ್ದು. ಆ ಆವಿ ಅದಿಯಮಾನ್‌ಕೋಟೆ ಪಕ್ಕದ ಗಂಡನ ಮನೆಯವರೆಗೂ ಹಿಂದೆಯೇ ಬಂತು. ಬಿಡಬೇಕೆಂದು ಲವಂಗ ಅಗಿದಳು, ನಾಲಿಗೆ ಉರಿಯಿತು. ಅಕ್ಕಿ ಡಬ್ಬಿಯ ತಳದಲ್ಲಿ ಹೂತಿಟ್ಟಳು. ಅಂದೆಲ್ಲ ಅಕ್ಕಿ ಆರಿಸುವ ಉತ್ಸಾಹ ಅವಳಿಗೇ ಹೆಚ್ಚಾಯಿತು.

ಕೊನೆಗೆ ವೇಪನ್ನು ಹಳದಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಮನೆಯ ಕುರಿಮಂದೆಯ ಟಗರಿನ ಕೊರಳಿಗೆ ಕಟ್ಟಿದಳು. ಮೇಯಲು ಹೋದ ಮಂದೆ ಬರುವುದು ಸಂಜೆಗೆ. ಅಲ್ಲಿಯವರೆಗೆ ಕೈಗೆ ಸಿಗದು.

ಮಂದೆ ಹೊಡೆಯಲು ಬಂದ ಮಾವ ಅಪ್ಪಯ್ಯ ಹಿಗ್ಗಿಹೋದರು. "ನೋಡು ಲಕ್ಷ್ಮಕ್ಕ, ಪಟ್ಣದಾಗ ಓದಿದ ಸೊಸೆ. ಟಗರಿಗೆ ದೃಷ್ಟಿ ಆಗಬಾರದು ಅಂತ ತಾಯ್ತ ಕಟ್ಟವ್ಳೆ."

ಪಕ್ಕದ ಮನೆಯ ಲಕ್ಷ್ಮಕ್ಕ ಬಗ್ಗಿ ಮೂಸಿದಳು. "ಮಾವಿನಣ್ಣಿನ ವಾಸ್ನೆ ಬತ್ತೈತಲ್ಲಮ್ಮಾ. ಯಾವ ಕೋಯಿಲ್‌ದು, ಯಾವ ದೇವ್ರುದು? ನಮ್ಮ ಕುರಿಗೂ ಒಂದು ತರಿಸ್ಕೊಡು."

"ಈಗ ಸ್ಟಾಕ್ ಇಲ್ಲ ಅಕ್ಕ," ಎಂದಳು ಶಾಲಿನಿ.

ಮಧ್ಯಾಹ್ನಕ್ಕೆ ಸೇದದೆ ಇರಲಾಗಲಿಲ್ಲ. ಮಾವನಿಗೆ ಬುತ್ತಿ ಕೊಡುವ ನೆಪ ಮಾಡಿ, ಧನುವನ್ನು ಎತ್ತಿಕೊಂಡು ಹೊಲಕ್ಕೆ ಹೋದಳು. ಅವರು ಹುಣಸೆ ಮರದಡಿ ಉಣ್ಣುತ್ತಿರುವಾಗ ಮೆಲ್ಲಗೆ ಟಗರಿನ ಕೊರಳಿಗೆ ಕೈ ಹಾಕಿದಳು. ಟಗರು ಎರಡು ಹೆಜ್ಜೆ ಹಿಂದೆ ಸರಿದು, ಲೆಕ್ಕ ಹಾಕಿ, ಗುದ್ದಿತು. ಶಾಲಿನಿ ಕುರಿ ಹಿಕ್ಕೆಯ ಮೇಲೆ ಕೂತಳು.

"ತಾಯ್ತ ಬಿಚ್ಚಬಾರದಮ್ಮಾ. ಟಗರಿಗೂ ಗೊತ್ತಾಗೈತೆ," ಎಂದರು ಮಾವ, ಉಪ್ಪಿನಕಾಯಿ ಚೀಪುತ್ತ.

ಧನು ಬಂದು ಕೈ ಚಾಚಿದಳು. "ಅಮ್ಮ, ನಂಗೂ ಉಫ್ ಕೊಡು."

ಶಾಲಿನಿ ಅಲ್ಲೇ ಕೂತು, ತೊಪ್ಪೂರಿನ ಲಾರಿ ರಿಪೇರಿ ಪಟ್ಟರೆಯಲ್ಲಿದ್ದ ಗಂಡ ಮಾದೇಶನಿಗೆ ಫೋನ್ ಮಾಡಿದಳು.

"ರೀ, ನಾನು ಹೊಗೆ ಬಿಡ್ತಾ ಇದೀನಿ."

ಆ ಕಡೆ ಸ್ಪ್ಯಾನರ್ ಬಿದ್ದ ಸದ್ದು. "ಒಗೆ ಬಿಡ್ತಿದ್ದೀಯಾ? ಯಾವಾಗಿಂದ?"

"ಕಾಲೇಜಿಂದ. ಅಲ್ಲ, ಆಗಿಂದ ಬಿಡ್ತಿದ್ದೆ, ಈಗ ಬಿಡ್ತಿದೀನಿ. ಒಬ್ಬಳೇ ಬಿಡೋಕಾಗ್ತಿಲ್ಲ."

"ಜೊತೆಗೆ ಬಿಡೋಕೆ ನನಗೆ ಬರಲ್ಲ ಕಣೇ."

"ಬಿಡೋದು ಅಂದ್ರೆ ನಿಲ್ಸೋದು ರೀ. ಧನು ನೋಡಿ ಕಲೀತಿದಾಳೆ," ಎನ್ನುತ್ತ ಶಾಲಿನಿ ಮಗುವನ್ನು ಮಡಿಲಿಗೆ ಎಳೆದುಕೊಂಡಳು.

"ಇರು," ಎಂದ ಮಾದೇಶ. "ಕೈ ತೊಳ್ಕೊಂಡು ಈಗ್ಲೇ ಮನೆಗೆ ಬತ್ತೀನಿ."